ಮೊರಕ್ಕೆ ಸುರಿದ ಅಣಬೆ

ನದಿಯ ಆಚೆ ದಡದಲ್ಲಿ ಕುರುಚಲು ಕಾಡು. ಮೊದಲ ಗುಡುಗಿಗೆ ಅಲ್ಲಿನ ಹುತ್ತಗಳ ಸುತ್ತ ಅಣಬೆ ಏಳುತ್ತಿತ್ತು. ಈಚೆ ದಡದಲ್ಲಿ ಸಿದ್ಧಮ್ಮನವರ ಆಶ್ರಮ.

ಆಶ್ರಮದಲ್ಲಿ ಒಂದು ಪದ್ಧತಿ. ಅಣಬೆ ಕಿತ್ತು ತಂದವರು ಅದನ್ನು ಮೊರಕ್ಕೆ ಸುರಿದು ಅಣಬೆ ಬಲ್ಲ ಇನ್ನೊಬ್ಬರಿಗೆ ತೋರಿಸಬೇಕು. ಅವರು ಒಂದೊಂದಾಗಿ ತಿರುಗಿಸಿ ನೋಡಿದ ಮೇಲೆಯೇ ಅದು ಒಲೆಗೆ.

ಶಿಷ್ಯೆ ದಾಕ್ಷಾಯಿಣಿ ಮೂರು ಮಳೆಗಾಲ ಹೀಗೆ ತಂದು ತೋರಿಸಿದ್ದಳು. ಸಿದ್ಧಮ್ಮ ಮೊರದ ಮುಂದೆ ಕೂತು ನೋಡಿದ್ದರು. ಕಳೆದ ವರ್ಷ ಒಂದನ್ನೂ ತೆಗೆದು ಹಾಕಿರಲಿಲ್ಲ.

ನಾಲ್ಕನೆಯ ಮಳೆಗಾಲಕ್ಕೆ ಅವಳು ಧೈರ್ಯ ಮಾಡಿ ಕೇಳಿದಳು.

"ತಾಯಿ, ಈ ಸಲದಿಂದ ನೇರ ಒಲೆಗೆ ಕೊಡಲಾ?"

"ಯಾಕೆ?"

"ನನಗೆ ಈಗ ಗೊತ್ತಾಗುತ್ತೆ."

"ಇವತ್ತಿನದನ್ನು ತಂದು ಸುರಿ. ಆಮೇಲೆ ಮಾತಾಡೋಣ."

ಅವತ್ತು ಅವಳು ಎಂದೂ ತೋರದ ಅಚ್ಚುಕಟ್ಟು ತೋರಿಸಿದಳು. ಮಣ್ಣು ಮೆತ್ತಿದ ಬುಡವನ್ನೆಲ್ಲ ಚಾಕುವಿನಲ್ಲಿ ಕತ್ತರಿಸಿದಳು. ಹೊಳೆಯಲ್ಲಿ ತೊಳೆದಳು. ಮೊರದ ಮೇಲೆ ಮುತ್ತುಗದ ಎಲೆ ಹಾಸಿ ಸಾಲಾಗಿ ಜೋಡಿಸಿದಳು.

ಅಡುಗೆಯ ಮಾದಪ್ಪ ಇಣುಕಿ ನೋಡಿದ. "ಹೆಣ್ಣು ನೋಡೋಕೆ ಬಂದವರ ಮುಂದೆ ಇಡೋ ಹಾಗಿದೆ ಕಣಮ್ಮ."

ಸಿದ್ಧಮ್ಮ ಒಂದನ್ನು ಎತ್ತಿಕೊಂಡರು. "ಇದರ ಬುಡವೆಲ್ಲಿ?"

"ಕತ್ತರಿಸಿದೆ ತಾಯಿ. ಸಾರಿಗೆ ಮಣ್ಣು ಬಂದೀತು ಅಂತ."

"ಹುತ್ತದ ಅಣಬೆಗೆ ಉದ್ದ ಬೇರಿರುತ್ತೆ. ಹುತ್ತದೊಳಕ್ಕೆ ಇಳಿದಿರುತ್ತೆ. ಕೊಲ್ಲೋ ಅಣಬೆಗೆ ಬುಡದಲ್ಲಿ ಬಟ್ಟಲಿನಂಥ ಪೊರೆ ಇರುತ್ತೆ. ಇದಕ್ಕೆ ಏನಿತ್ತು?"

"ಬೇರಿತ್ತು."

"ಎಲ್ಲದಕ್ಕೂ?"

ದಾಕ್ಷಾಯಿಣಿ ಹೂಂ ಅನ್ನಲು ಹೋಗಿ ನಿಂತಳು.

"ಮೋಡ ಕವಿಯಿತು. ಕೊನೆಯ ಐದಾರನ್ನು ಅಗೆಯಲಿಲ್ಲ. ನೆಲದ ಮಟ್ಟಕ್ಕೇ ಕತ್ತರಿಸಿಕೊಂಡೆ. ಎಲ್ಲ ಒಂದೇ ಕಡೆ ಇದ್ದವು ತಾಯಿ."

"ಆ ಐದಾರು ಯಾವುವು, ತೋರಿಸು."

ಅವಳು ಮೊರದ ಮೇಲೆ ಬಾಗಿದಳು. ತೊಳೆದ ಅಣಬೆಗಳೆಲ್ಲ ಒಂದೇ ಥರ ಬೆಳ್ಳಗೆ ಕಂಡವು.

"ಗೊತ್ತಾಗ್ತಿಲ್ಲ."

ಮಾದಪ್ಪನಿಗೆ ಪಾಪ ಅನ್ನಿಸಿತು. "ಅರಿಶಿನ ಹಾಕಿ ಚೆನ್ನಾಗಿ ಕುದಿಸಿಬಿಡ್ತೀನಮ್ಮ. ವಿಷ ಇದ್ರೂ ಹೋಗುತ್ತಂತೆ."

"ಯಾರಂದರು?"

"ನಮ್ಮ ಚಿಕ್ಕಪ್ಪ ಅಂತಿದ್ದ."

"ಈಗೆಲ್ಲಿದ್ದಾನೆ ಅವನು?"

ಮಾದಪ್ಪ ಮೆಲ್ಲಗೆ ಒಳಗೆ ಸರಿದ.

ಸಿದ್ಧಮ್ಮ ಮೊರವನ್ನು ದಾಕ್ಷಾಯಿಣಿಯ ಕಡೆ ತಳ್ಳಿದರು.

ಅವಳೇ ಕೊಟ್ಟಿಗೆಯ ಹಿಂದೆ ಗುಂಡಿ ತೋಡಿ ಅಷ್ಟನ್ನೂ ಹೂತಳು. ಮಧ್ಯಾಹ್ನ ಒಂಬತ್ತು ಜನ ಮುದ್ದೆಗೆ ಬರೀ ಹುಣಸೆ ಸಾರು ಹಾಕಿಕೊಂಡು ಉಂಡರು. ಯಾಕೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ನಾಲ್ಕು ದಿನ ಬಿಟ್ಟು ಮತ್ತೆ ಗುಡುಗಿತು. ದಾಕ್ಷಾಯಿಣಿ ಚಾಕು ಬಿಟ್ಟು ಅಗೆಯುವ ಕೋಲು ಹಿಡಿದು ಹೋದಳು. ಬಂದಾಗ ಉಗುರಿನ ತುಂಬ ಕೆಂಪು ಮಣ್ಣು. ಅಣಬೆಯನ್ನು ಮಣ್ಣಿನ ಸಮೇತ ಮೊರಕ್ಕೆ ಸುರಿದು ಎರಡು ಪಾಲು ಮಾಡಿದಳು.

"ಇವು ಹನ್ನೆರಡು. ತುದಿ ತನಕ ಅಗೆದು ನೋಡಿದೆ. ಇವೆರಡರ ಬೇರು ನಡುವೆ ಮುರಿಯಿತು. ಇವು ನನಗೆ ಗೊತ್ತಿಲ್ಲ."

ಸಿದ್ಧಮ್ಮ ಹದಿನಾಲ್ಕನ್ನೂ ನೋಡಿದರು. ಎರಡನ್ನು ಪಕ್ಕಕ್ಕೆ ಹಾಕಿದರು. ಉಳಿದದ್ದನ್ನು ಮಾದಪ್ಪನಿಗೆ ಕೊಟ್ಟರು.

"ನೇರ ಒಲೆಗೆ ಕೊಡ್ತೀನಿ ಅಂದಿದ್ದೆಯಲ್ಲ?"

"ಬೇಡ ತಾಯಿ. ನೀವು ನೋಡಿ."

ಸಿದ್ಧಮ್ಮ ಎದ್ದರು. ಅವಳ ಕೈಯಿಂದ ಕೋಲು ತೆಗೆದುಕೊಂಡರು. ಮಂಡಿಯುದ್ದ ನೀರಿನಲ್ಲಿ ನಿಧಾನವಾಗಿ ನಡೆದು ಹೊಳೆ ದಾಟಿದರು. ಅವರು ಆಚೆ ದಡಕ್ಕೆ ಹೋಗಿದ್ದನ್ನು ದಾಕ್ಷಾಯಿಣಿ ಎಂದೂ ಕಂಡಿರಲಿಲ್ಲ.

ಸಾರು ಕುದಿಯುವ ಹೊತ್ತಿಗೆ ಮರಳಿದರು. ಸೆರಗಿನಲ್ಲಿದ್ದ ಏಳು ಅಣಬೆಗಳನ್ನು ಮೊರಕ್ಕೆ ಸುರಿದು, ಮೊರವನ್ನು ಶಿಷ್ಯೆಯ ಕಡೆ ತಿರುಗಿಸಿ, ಎದುರಿಗೆ ಕೂತರು.

"ನಾನಾ ತಾಯಿ?"

"ಮತ್ತೆ, ಮಾದಪ್ಪನಾ?"

ದಾಕ್ಷಾಯಿಣಿ ಒಂದೊಂದಾಗಿ ಎತ್ತಿ ನೋಡಿದಳು. ಆರು ಸರಿಯಾಗಿದ್ದವು. ಏಳನೆಯದನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದಿದ್ದಳು.

"ಇದರ ಬೇರು ಪೂರ್ತಿ ಇಲ್ಲ ತಾಯಿ."

"ಹಾಗಾದರೆ ತೆಗೆದು ಹಾಕು."

ತೆಗೆದು ಹಾಕಿದಳು. ಹಾಕಿದ ಮೇಲೆ ಅವಳಿಗೆ ಮಾತು ಬಂತು.

"ಇಷ್ಟು ವರ್ಷ ನೀವು ಯಾಕೆ ಹೋಗ್ತಿರಲಿಲ್ಲ? ನಾನು ಮಂಡಿನೋವು ಅಂದುಕೊಂಡಿದ್ದೆ."

ಸಿದ್ಧಮ್ಮ ಕಾಲಿನ ಕೆಸರು ಕೆರೆಯುತ್ತಿದ್ದರು.

"ನಾನು ತಂದರೆ ನೋಡೋರು ಯಾರಿದ್ದರು?"