ಗೀಜಗದ ಹಸಿಮಣ್ಣು

ಹಾಳುಬಾವಿಯ ಮೇಲೆ ಬಾಗಿದ ಜಾಲಿಮರದಲ್ಲಿ ಎರಡು ಗೀಜಗಗಳು ಗೂಡು ನೇಯ್ದಿದ್ದವು. ಗಾಳಿಗೆ ಗೂಡು ಓಲಾಡದಿರಲೆಂದು ಹಿರಿಯ ಗೀಜಗ ಒಳಗೆ ಹಸಿಮಣ್ಣು ಮೆತ್ತುತ್ತಿತ್ತು. ಕಿರಿಯದು ದಿನಾ ಬಂದು, "ಅಣ್ಣಾ, ನನ್ನ ಗೂಡಿನ ಬೆಲೆ ಮತ್ತೆ ಏರಿದೆ," ಎನ್ನುತ್ತಿತ್ತು.

"ಮಣ್ಣು ಮೆತ್ತಿದೆಯಾ?" ಎಂದು ಕೇಳಿ ಕೇಳಿ ಹಿರಿಯದಕ್ಕೆ ಸಾಕಾಗಿತ್ತು.

"ಒಳಗಿನ ಮಣ್ಣು ಯಾರಿಗೆ ಕಾಣುತ್ತದೆ? ಕೊಳ್ಳುವವರು ನೋಡುವುದು ಹೊರಗಿನ ನೇಯ್ಗೆಯನ್ನು."

"ವಾಸ ಮಾಡುವವನು ನೀನು ಕಣಪ್ಪಾ, ಕೊಳ್ಳುವವರಲ್ಲ."

ಆಷಾಢದ ಗಾಳಿ ಬೀಸಿತು. ಕಿರಿಯದರ ಹಗುರ ಗೂಡು ಕಿತ್ತುಕೊಂಡು ಬಾವಿಗೆ ಬಿತ್ತು. ಮಳೆಗೆ ತೊಯ್ದು ತೊಪ್ಪೆಯಾಗಿದ್ದ ಕಿರಿಯದನ್ನು ಹಿರಿಯದು ತನ್ನ ಗೂಡಿಗೆ ಕರೆದುಕೊಂಡಿತು.

ರೆಕ್ಕೆ ಒಣಗುತ್ತಲೇ ಕಿರಿಯದು ಸುತ್ತ ನೋಡಿ, "ಅಣ್ಣಾ, ಮರದಲ್ಲಿ ಉಳಿದಿರುವುದು ಇದೊಂದೇ ಗೂಡು. ಈಗ ಇದರ ಬೆಲೆ ಎಷ್ಟಾಗಿರಬಹುದು ಹೇಳು," ಎಂದಿತು.

ಹಿರಿಯದರ ಕೊಕ್ಕಿನಲ್ಲಿ ಒಂದು ಉಂಡೆ ಮಣ್ಣಿತ್ತು. ಅದನ್ನು ಕಿರಿಯದರ ಬಾಯಿಗೆ ಹಾಕುವ ಮನಸ್ಸಾದರೂ, ತಡೆದುಕೊಂಡು ಗೂಡಿಗೇ ಮೆತ್ತಿತು.