ಹೊಳಪು ತೆಗೆಯುವವನು

"ಗುರುಗಳೇ, ಸುಳ್ಳನ್ನು ತೆಗೆದರೆ ಕೆಳಗೆ ನಿಜ ಉಳಿಯಬೇಕಲ್ಲವೇ? ನನ್ನ ಅಕ್ಕನ ಹತ್ತಿರ ಏನೂ ಉಳಿಯಲಿಲ್ಲ. ಯಾಕೆ?"

ಹೀಗೆ ಕೇಳಿದವನು ಮರುಳಸಿದ್ಧ. ಸುಳ್ಳಾಡುವುದಿಲ್ಲ, ಸುಳ್ಳನ್ನು ಕೇಳಿಕೊಂಡು ಸುಮ್ಮನಿರುವುದೂ ಇಲ್ಲ ಎಂದು ಮಠದಲ್ಲಿ ವ್ರತ ಹಿಡಿದಿದ್ದ ಶಿಷ್ಯ. ಅವನ ತೊಡೆಯ ಮೇಲೆ ಮಡಿಸಿದ ಒಂದು ಶಾಲು ಇತ್ತು.

ಗುರುಗಳು ಶಾಲನ್ನು ನೋಡಿದರು. "ಏನಾಯಿತು, ಮೊದಲು ಅದನ್ನು ಹೇಳು" ಎಂದರು.

ಮರುಳಸಿದ್ಧ ಹೇಳಿದ. ಅವನ ಭಾವ ಹತ್ತಿಗಿರಣಿಯಲ್ಲಿ ಕೆಲಸಕ್ಕಿದ್ದವನು. ಕೆಲಸ ಬಿಟ್ಟ ದಿನ ಜರಿಯಂಚಿನ ಶಾಲು ಹಿಡಿದು ಮನೆಗೆ ಬಂದ. ಗಿರಣಿಯವರು ಎಲ್ಲರ ಮುಂದೆ ಸನ್ಮಾನ ಮಾಡಿ ಹೊದಿಸಿದರು, ಇದರಲ್ಲಿ ನಿನ್ನ ಪಾಲೇ ಹೆಚ್ಚು ಎಂದು ಹೇಳಿ ಅದನ್ನು ಹೆಂಡತಿಗೆ ಹೊದಿಸಿದ. ಅವನು ತೀರಿಕೊಂಡ ಮೇಲೆ ಅಕ್ಕ ಆ ಶಾಲಿಲ್ಲದೆ ಮನೆಯಿಂದ ಹೊರಗೆ ಕಾಲಿಡುತ್ತಿರಲಿಲ್ಲ. ಬಂದವರಿಗೆಲ್ಲ ಸನ್ಮಾನದ ಕತೆ ಹೇಳುತ್ತಿದ್ದಳು. ಈಚೆಗೆ ಗಿರಣಿಯ ಹಳೆಯ ಕೆಲಸಗಾರನೊಬ್ಬ ಮರುಳಸಿದ್ಧನಿಗೆ ಸಿಕ್ಕ. ಸನ್ಮಾನವೂ ಇಲ್ಲ, ಗಿನ್ಮಾನವೂ ಇಲ್ಲ. ನಾಳೆಯಿಂದ ಬರಬೇಡ ಎಂದು ಗೇಟಿನಲ್ಲೇ ಹೇಳಿ ಕಳಿಸಿದರು. ಶಾಲನ್ನು ನಿನ್ನ ಭಾವನೇ ಅಂಗಡಿಯಲ್ಲಿ ಕೊಂಡ, ನಾನು ಜೊತೆಗಿದ್ದೆ ಎಂದ. ಮರುಳಸಿದ್ಧ ನೇರವಾಗಿ ಅಕ್ಕನ ಮನೆಗೆ ಹೋಗಿ ಅದನ್ನು ಹೇಳಿಬಿಟ್ಟ.

"ಅಕ್ಕ ಅಳಲಿಲ್ಲ, ಬಯ್ಯಲಿಲ್ಲ. ಶಾಲನ್ನು ಒಗೆದು, ಒಣಗಿಸಿ, ಮಡಿಸಿ ನನ್ನ ಕೈಗಿಟ್ಟಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ಊಟಕ್ಕೆ ಕೂತರೂ ತುತ್ತು ಇಳಿಯುವುದಿಲ್ಲವಂತೆ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ, ಗುರುಗಳೇ."

"ನೀನು ಬಹಳ ಚೊಕ್ಕಟದ ಮನುಷ್ಯ" ಎಂದರು ಗುರುಗಳು. "ನಿನ್ನಂಥವನೇ ಇನ್ನೊಬ್ಬನಿದ್ದ. ಕೇಳು."

ಒಂದು ಪಟ್ಟಣದಲ್ಲಿ ಒಬ್ಬ ಕಸುಬಿನವನಿದ್ದ. ಪ್ಲಾಸ್ಟಿಕ್ ತುಂಡುಗಳನ್ನು ಜೋಡಿಸಿ ಅಂಗೈಯಷ್ಟು ದೊಡ್ಡ ಕಾರು, ಲಾರಿ ಮಾಡುವುದು ಅವನ ಕಸುಬು. ಯಾರಾದರೂ ಅವನ್ನು ಆಟಿಕೆ ಎಂದರೆ ಅವನಿಗೆ ಮೂಗಿನ ತುದಿಗೆ ಕೋಪ ಬರುತ್ತಿತ್ತು. ಮಾದರಿ ಎನ್ನಬೇಕು. ಅಂಥ ಮಾದರಿಗಳ ಬಂಪರು, ದೀಪದ ಸುತ್ತಿನ ಬಳೆ, ಇಂಥವೆಲ್ಲ ಕಾರ್ಖಾನೆಯಿಂದಲೇ ಬೆಳ್ಳಿಯ ಹಾಗೆ ಫಳಫಳ ಹೊಳೆಯುತ್ತ ಬರುತ್ತವೆ. ಆ ಹೊಳಪಿಗೆ ಕ್ರೋಮ್ ಎನ್ನುತ್ತಾರೆ. ಅದು ಕೂದಲಿನಷ್ಟೂ ದಪ್ಪವಿಲ್ಲದ ಲೇಪ. ಅದರ ಮೇಲೆ ಅಂಟು ಹಿಡಿಯುವುದಿಲ್ಲ. ಅಂಟಿಸುವ ಜಾಗದಲ್ಲಿ ಉಗುರಿನಷ್ಟು ಕೆರೆದರೆ ಸಾಕು, ತುಂಡು ನಿಲ್ಲುತ್ತದೆ.

ಕಸುಬಿನವನಿಗೆ ಅದು ಗೊತ್ತಿತ್ತು. ಆದರೆ ಅಷ್ಟು ಅವನಿಗೆ ಸಾಲದು. ಹೊಳಪನ್ನು ಕಂಡರೇ ಆಗದು. ಎಲ್ಲ ತುಂಡುಗಳನ್ನೂ ಬಟ್ಟೆ ಬಿಳುಪು ಮಾಡುವ ಬ್ಲೀಚಿನಲ್ಲಿ ಮುಳುಗಿಸುತ್ತಿದ್ದ. ಹೊಳಪು ನೋಡನೋಡುತ್ತಲೇ ಕರಗಿಹೋಗುತ್ತಿತ್ತು. ಕೆಳಗೆ ಹಳದಿ ವಾರ್ನಿಷ್ ಕಾಣುತ್ತಿತ್ತು. ಅದನ್ನೂ ಬಿಡುತ್ತಿರಲಿಲ್ಲ, ಮತ್ತೊಂದು ದ್ರವದಲ್ಲಿ ನೆನೆಸಿ, ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕಿ ತೆಗೆಯುತ್ತಿದ್ದ. ಕೊನೆಗೆ ಉಳಿಯುವುದು ಬರೀ ಪ್ಲಾಸ್ಟಿಕ್ಕು. ಈಗ ನಿಜ ಹೊರಗೆ ಬಂತು ನೋಡಿ ಎಂದು ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದ. ಇಂಥವರು ಬಹಳ ಒಳ್ಳೆಯವರು. ಅವರ ಕೈಗೆ ಮಾತ್ರ ಏನನ್ನೂ ಕೊಡಬಾರದು.

ಒಂದು ದಿನ ಒಬ್ಬ ಹೆಂಗಸು ಬಂದಳು. ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ ತಂದಿದ್ದ ಕಾರನ್ನು ಮೇಜಿನ ಮೇಲೆ ಇಟ್ಟಳು. ಅವಳ ಗಂಡ ಟ್ಯಾಕ್ಸಿ ಓಡಿಸುತ್ತಿದ್ದವನು. ಲಕ್ವ ಹೊಡೆದು ಅವನ ಬಲಗೈ ಬಿದ್ದುಹೋಗಿತ್ತು. ಬೆರಳುಗಳಿಗೆ ಕೆಲಸ ಕೊಡಬೇಕೆಂದು ವೈದ್ಯರು ಹೇಳಿದ್ದರಿಂದ ಅವನು ಹಟ ಹಿಡಿದು ಆ ಬಲಗೈಯಲ್ಲೇ ಕಾರನ್ನು ಜೋಡಿಸಿದ. ಮುಗಿಸಿದ ಮೇಲೆ ಬಹಳ ದಿನ ಬದುಕಲಿಲ್ಲ. ಕೆಲಸ ಬಾರದವನು, ಹೊಳಪಿನ ಮೇಲೆಯೇ ಅಂಟು ಹಚ್ಚಿದ್ದ. ಅಂಟು ಮೆತ್ತಿದ ಹೆಬ್ಬೆರಳಿನಿಂದಲೇ ಬಂಪರನ್ನು ಒತ್ತಿ ಹಿಡಿದಿದ್ದ. ಬಂಪರಿನ ನಡುವೆ ಹೊಳಪು ಕದಡಿ ಹೆಬ್ಬೆರಳಿನ ಗೆರೆಗಳು ಮೂಡಿದ್ದವು.

"ಬಂಪರ್ ಪದೇ ಪದೇ ಬಿದ್ದುಹೋಗ್ತಿದೆ. ಅಂಟಿಸಿಕೊಡಿ, ಅಷ್ಟು ಸಾಕು" ಎಂದಳು.

"ಅಷ್ಟೇ ಯಾಕೆ ತಾಯಿ, ಹೊಸದರ ಹಾಗೆ ಮಾಡಿಕೊಡ್ತೀನಿ" ಎಂದ.

ಅವಳು ಹೋದ ಮೇಲೆ ಅವನು ಬಂಪರನ್ನು ತಿರುಗಿಸಿ ನೋಡಿದ. ಹಿಂದೆ, ಹೊಳಪಿನ ಮೇಲೆ ಅಂಟು. ಮುಂದೆ, ಬೆರಳಿನ ಕಲೆ. ಅವನ ಮೈಯೆಲ್ಲ ಉರಿಯಿತು. ಬ್ಲೀಚಿನಲ್ಲಿ ಹಾಕಿದ. ಹೊಳಪು ಹೋಯಿತು. ಆಮೇಲೆ ವಾರ್ನಿಷ್ ಹೋಯಿತು. ಹೆಬ್ಬೆರಳಿನ ಗೆರೆಗಳು ಹೋಗಲಿಲ್ಲ. ಅಂಟು ಪ್ಲಾಸ್ಟಿಕ್ಕನ್ನೇ ಕರಗಿಸಿ ಅವನ್ನು ಒಳಗಿಳಿಸಿತ್ತು. ಅಲ್ಲಿಗಾದರೂ ಅವನು ನಿಲ್ಲಬಹುದಿತ್ತು. ಹೊಳಪು ಹೋದ ಮೇಲೂ ಉಳಿದಿರುವ ಇದೇನು ಎಂದು ಒಂದು ಸಲ ಕೇಳಿಕೊಳ್ಳಬಹುದಿತ್ತು. ಕೇಳಿಕೊಳ್ಳಲಿಲ್ಲ. ಸ್ಯಾಂಡ್‌ಪೇಪರ್ ತೆಗೆದುಕೊಂಡು ಉಜ್ಜಿದ. ನುಣ್ಣಗಾಗುವವರೆಗೆ ಉಜ್ಜಿದ. ಬೆಳ್ಳಿಬಣ್ಣ ಹೊಡೆದು, ಅಂಟಿಸಿ ಇಟ್ಟ.

ಹೆಂಗಸು ಬಂದಳು. ಕಾರನ್ನು ಎತ್ತಿಕೊಂಡು ತನ್ನ ಹೆಬ್ಬೆರಳನ್ನು ಬಂಪರಿನ ನಡುವೆ ಇಟ್ಟಳು. ದಿನಾ ಧೂಳು ಒರೆಸುವಾಗ ಹಾಗೆ ಇಡುವುದು ಅವಳ ರೂಢಿ. ಬೆರಳು ಜಾರಿತು. ಮತ್ತೆ ಇಟ್ಟಳು. ಮತ್ತೆ ಜಾರಿತು.

"ಇದು ಯಾರದು?" ಎಂದು ಕೇಳಿದಳು.

"ನಿಮ್ಮದೇ ತಾಯಿ. ಎಳೆದು ನೋಡಿ, ಇನ್ನು ಜನ್ಮದಲ್ಲಿ ಬೀಳಲ್ಲ."

"ಇಲ್ಲಿ ಅವರ ಬೆರಳಿತ್ತು."

"ಅದು ಅಂಟಿನ ಕಲೆ. ತೆಗೆದುಬಿಟ್ಟೆ."

ಅವಳು ಕಾರನ್ನು ಮೇಜಿನ ಮೇಲೆ ಇಟ್ಟಳು. ಪಂಚೆಯ ತುಂಡನ್ನು ಮಡಿಸಿಕೊಂಡು ಹೊರಟುಹೋದಳು. ಕಾರನ್ನು ಒಯ್ಯಲಿಲ್ಲ.

ಕಸುಬಿನವನು ಬ್ಲೀಚಿನ ಬೋಗುಣಿಯಲ್ಲಿ ಇಣುಕಿ ನೋಡಿದ. ನೀರು ತಿಳಿಯಾಗಿತ್ತು. ತಳದಲ್ಲಿ ಒಂದು ಚೂರೂ ಇರಲಿಲ್ಲ. ಕಾರು ಅವನ ಅಂಗಡಿಯಲ್ಲೇ ಉಳಿಯಿತು. ಬಂಪರು ಇವತ್ತಿಗೂ ಗಟ್ಟಿಯಾಗಿದೆ.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಹೊಳಪಿನ ಮೇಲೆ ಅಂಟು ನಿಲ್ಲುವುದಿಲ್ಲವಲ್ಲ, ಗುರುಗಳೇ. ತೆಗೆಯಲೇಬೇಕಿತ್ತು."

"ತೆಗೆಯಬೇಕಿತ್ತು. ಹಿಂಬದಿಯಲ್ಲಿ, ಉಗುರಿನಷ್ಟು. ಆ ಹೆಂಗಸು ಅಷ್ಟನ್ನಾದರೂ ಕೇಳಿಕೊಂಡು ಬಂದಿದ್ದಳು. ನಿನ್ನ ಅಕ್ಕ ನಿನ್ನನ್ನು ಏನು ಕೇಳಿದ್ದಳು?"

"ಏನೂ ಕೇಳಿರಲಿಲ್ಲ. ಆದರೆ ಸನ್ಮಾನ ಸುಳ್ಳು, ಶಾಲು ಅಂಗಡಿಯದು. ಇದ್ದದ್ದನ್ನು ಹೇಳಿದೆ, ಅಷ್ಟೇ."

ಗುರುಗಳು ಎದ್ದು ಬಂದರು. ಅವನ ತೊಡೆಯ ಮೇಲಿದ್ದ ಶಾಲನ್ನು ಎತ್ತಿ, ಮಡಿಕೆ ಬಿಡಿಸಿ, ಸನ್ಮಾನ ಮಾಡುವವರ ಹಾಗೆ ಅವನ ಹೆಗಲಿಗೆ ಹೊದಿಸಿದರು. ಅದರಲ್ಲಿ ಒಗೆದ ಸೋಪಿನ ವಾಸನೆ ಬಿಟ್ಟರೆ ಬೇರೆ ಯಾವ ವಾಸನೆಯೂ ಇರಲಿಲ್ಲ.

"ಶಾಲು ಅಂಗಡಿಯದು ಎಂದು ಹೇಳಿದೆ, ಸರಿ, ಅವಳಿಗೆ ಅದನ್ನು ಹೊದಿಸಿದ ಕೈ ಯಾರದು ಎಂದೂ ಹೇಳಿದೆಯಾ?"