ಮೋನವ್ವ ಉಳಿಸಿದ ಕಿಟಕಿ

ಒಂದು ರಾಜ್ಯದಲ್ಲಿ ಒಬ್ಬ ಅರಸ ಇದ್ದ. ಯಾವ ರಾಜ್ಯ ಅಂತ ಕೇಳಬೇಡಿ ಮಕ್ಕಳೇ, ಅದು ನಮ್ಮಜ್ಜಿಗೂ ಗೊತ್ತಿರಲಿಲ್ಲ. ಅವನ ಅರಮನೆಯ ಹಿತ್ತಲ ಕಡೆ ಮೂರು ಕೋಣೆ, ಕೋಣೆಗೊಂದು ತೇಗದ ಕಿಟಕಿ. ಮೂರನ್ನೂ ಮಾಡಿದವನು ಒಬ್ಬನೇ ಬಡಗಿ. ಅವನು ಕಣ್ಣು ಮುಚ್ಚಿದ ಮೇಲೆ ಅವನ ಉಳಿ, ಬಾಚಿ ಮೊಮ್ಮಗಳು ಮೋನವ್ವನ ಕೈಗೆ ಬಂದವು.

ಅರಮನೆಯ ಪಾರುಪತ್ಯಗಾರ ಜಟ್ಟೆಪ್ಪ. ಮಾತು ಬೆಣ್ಣೆಯಂಥದು, ಕೈ ಮಾತ್ರ ಶುದ್ಧವಿಲ್ಲ. ಒಂದು ಮಳೆಗಾಲ ಮೊದಲನೇ ಕಿಟಕಿ ಬಿಗಿಯಾಯಿತು. "ಲಡ್ಡಾಗಿದೆ, ಕೊಳೆತುಹೋಗಿದೆ ಮಹಾಸ್ವಾಮಿ" ಅಂದ, ಕಿತ್ತ, ಅಗ್ಗದ ಬೂರುಗದ ಕಿಟಕಿ ಕೂರಿಸಿದ. ಮರುವರ್ಷ ಎರಡನೆಯದಕ್ಕೂ ಅದೇ ಗತಿ. ಅದರ ಮರುವರ್ಷ ಮೂರನೆಯದಕ್ಕೂ ಕೈ ಹಾಕಿದ. "ಇದರಲ್ಲಿ ತೂತು ಬೇರೆ ಬಿದ್ದಿದೆ" ಅಂದ.

ಮೋನವ್ವ ಅರಸನ ಮುಂದೆ ಬಂದು ಕೈಮುಗಿದಳು. "ಮಳೆಗೆ ಮರ ಉಬ್ಬುತ್ತೆ, ಬಿಸಿಲಿಗೆ ಇಳಿಯುತ್ತೆ ಮಹಾಸ್ವಾಮಿ. ಅದು ಕೊಳೆತದ್ದಲ್ಲ. ಮೂರು ದಿನ ಕೊಡಿ, ಸರಿ ಮಾಡ್ತೀನಿ."

"ಆಗದಿದ್ದರೆ?" ಅಂದ ಜಟ್ಟೆಪ್ಪ.

"ಅಜ್ಜನ ಉಳಿ, ಬಾಚಿ ಇಲ್ಲೇ ಇಟ್ಟು ಹೋಗ್ತೀನಿ. ಮತ್ತೆ ಮುಟ್ಟಲ್ಲ."

ಅರಸ ಒಪ್ಪಿದ. ಮೋನವ್ವ ಅಂದದ್ದೇನೋ ಅಂದಳು, ಆದರೆ ಆ ಉಳಿ ಬಿಟ್ಟರೆ ಅವಳಿಗೆ ಬೇರೆ ಬದುಕಿಲ್ಲ.

ಮೊದಲ ದಿನ ಹೊಟ್ಟಿನ ಕೆಂಡ ಒಡ್ಡಿ ಮರದ ತೇವ ಆರಿಸಿದಳು. ಕೀಸಲಿಲ್ಲ. ಉಬ್ಬಿದಾಗ ಕೀಸಿದರೆ ಬೇಸಿಗೆಯಲ್ಲಿ ಸಂದು ಬಿಡುತ್ತದೆ ಅಂತ ಅಜ್ಜ ಹೇಳಿಕೊಟ್ಟಿದ್ದ. ಜಟ್ಟೆಪ್ಪ ಬಂದು, "ಕಿತ್ತು ಬಿಸಾಕಮ್ಮ" ಅಂದು ಹೋದ.

ಎರಡನೇ ದಿನ ತಿರುಗಣಿಗೆ ಹೊಂಗೆ ಎಣ್ಣೆ ಬಿಟ್ಟಳು. ಜಟ್ಟೆಪ್ಪ ಬಂದು, "ಕಿತ್ತು ಬಿಸಾಕಮ್ಮ" ಅಂದ. ಎಣ್ಣೆ ಒರೆಸೋಕೆ ಚಿಂದಿ ಹುಡುಕಿ ಅವಳು ಹಿತ್ತಲ ಕೊಟ್ಟಿಗೆಗೆ ಹೋದರೆ, ಹುಲ್ಲಿನಡಿ ಅಜ್ಜನ ಎರಡೂ ಕಿಟಕಿ! ತಟ್ಟಿ ನೋಡಿದಳು. ಗಂಟೆಯ ಹಾಗೆ ಗಟ್ಟಿ ಮರ. ಬೆಟ್ಟದ ಕೆಳಗೆ ಜಟ್ಟೆಪ್ಪ ಹೊಸ ಮನೆ ಕಟ್ಟಿಸುತ್ತಿದ್ದದ್ದು ಊರಿಗೇ ಗೊತ್ತಿತ್ತು. ಆದರೆ ಬಡಗಿ ಹೆಂಗಸಿನ ಮಾತು ಯಾರು ನಂಬುತ್ತಾರೆ? ಬಾಯಿ ಬಿಡಲಿಲ್ಲ.

ಮೂರನೇ ದಿನ ಮೋಡ ಹರಿದು ಬಿಸಿಲು ಬಿತ್ತು. ಆ ತೂತು ನೋಡಿದಳು. ಹುಳ ತಿಂದದ್ದಲ್ಲ, ಉಳಿಯಿಂದ ಕೊರೆದದ್ದು, ಕಡಲೆಕಾಳಿನಷ್ಟು. ಅದಕ್ಕೆ ಕಣಜದ ಹುಳ ಮಣ್ಣು ಮೆತ್ತಿತ್ತು. ಮಣ್ಣು ತೆಗೆದು ಕಿಟಕಿ, ಬಾಗಿಲು ಮುಚ್ಚಿ ಹಿಂದೆ ತಿರುಗಿದಳು. ತಿರುಗಿದವಳು ಹಾಗೇ ನಿಂತುಬಿಟ್ಟಳು.

ಆ ತೂತಿನಿಂದ ಬಂದ ಬೆಳಕಿಗೆ ಎದುರಿನ ಸುಣ್ಣದ ಗೋಡೆಯ ಮೇಲೆ ಇಡೀ ಹಿತ್ತಲು ತಲೆಕೆಳಗಾಗಿ ಬಿದ್ದಿತ್ತು. ಬೇವಿನ ಮರ ಮೇಲಿಂದ ಜೋತಿತ್ತು, ಎಲೆ ಅಲುಗುತ್ತಿದ್ದವು, ಹಸಿರು ಹಸಿರಾಗೇ ಇತ್ತು. ಆಕಾಶ ಕಾಲ ಹತ್ತಿರ. ಕೆಂದ ಹಸುವೊಂದು ಕಾಲು ಮೇಲೆ ಮಾಡಿ ನಡೆದುಹೋಯಿತು. ಅವಳ ಕಣ್ಣಲ್ಲಿ ನೀರು ಬಂತು. "ಅಜ್ಜಾ, ಇಷ್ಟು ದೊಡ್ಡದನ್ನ ಇಷ್ಟು ಸಣ್ಣ ತೂತಿನಲ್ಲಿ ಇಟ್ಟು ಹೋದೆಯಾ" ಅಂದಳು.

ಅಷ್ಟರಲ್ಲಿ ಜಟ್ಟೆಪ್ಪ ಬಾಗಿಲು ಬಡಿದ. ಅವಳು ಬೇಗ ಕಿಟಕಿ ತೆರೆದಳು, ಗೋಡೆಯ ಚಿತ್ರ ಮಾಯವಾಯಿತು. ಜಟ್ಟೆಪ್ಪನಿಗೆ ಅಂದಳು:

"ಮಧ್ಯಾಹ್ನ ಅರಸರು ಪರಿವಾರದ ಸಮೇತ ಇಲ್ಲಿ ಕದ ಹಾಕಿಕೊಂಡು ಕೂರಬೇಕು ಸ್ವಾಮಿ. ಕಿಟಕಿ ಎಷ್ಟು ಸಲೀಸಾಗಿ, ಸಂದಿಲ್ಲದೆ ಮುಚ್ಚುತ್ತೆ ಅಂತ ಅವರೇ ನೋಡಲಿ."

ಅರಮನೆಯವರೆಲ್ಲ ಕತ್ತಲೆ ಕೋಣೆಯಲ್ಲಿ! ಜಟ್ಟೆಪ್ಪನಿಗೆ ಇದಕ್ಕಿಂತ ಒಳ್ಳೆ ಗಳಿಗೆ ಬೇಕೇ? ಎಲ್ಲರೂ ಒಳಗೆ ಸೇರಿದ್ದೇ ತಡ, ಹಿತ್ತಲಿಗೆ ಬಂಡಿ ತರಿಸಿದ.

ಒಳಗೆ ಅರಸ ಗೋಡೆ ನೋಡಿ ಎದ್ದು ನಿಂತ. ತಲೆಕೆಳಗಾದ ಹಿತ್ತಲಿಗೆ ತಲೆಕೆಳಗಾದ ಬಂಡಿ ಬಂತು. ಅಂಗೈಯಷ್ಟು ಜಟ್ಟೆಪ್ಪ ಬಂದು ತೇಗದ ಕಿಟಕಿ ಒಂದೊಂದಾಗಿ ಹೇರಿಸಿದ.

"ಲಡ್ಡಾದದ್ದಕ್ಕೆ ಬಂಡಿ ಯಾಕೆ?" ಅಂದ ಅರಸ ಮೆಲ್ಲಗೆ.

ಭಟರು ಹಿಡಿದು ತಂದಾಗ ಜಟ್ಟೆಪ್ಪ, "ನೋಡಿದವರು ಯಾರು?" ಅಂದ. ಅರಸ ಗೋಡೆ ತೋರಿಸಿದ. ತನ್ನದೇ ಬಂಡಿಯ ಎತ್ತು ತಲೆಕೆಳಗಾಗಿ ನಿಂತು ಬಾಲ ಆಡಿಸೋದು ಕಂಡು ಅವನು ಎಲ್ಲ ಒಪ್ಪಿಕೊಂಡ.

ಎರಡೂ ಕಿಟಕಿ ಮೋನವ್ವನ ಕೈಯಿಂದಲೇ ಮತ್ತೆ ಗೋಡೆ ಸೇರಿದವು. ಜಟ್ಟೆಪ್ಪನ ಪಾರುಪತ್ಯ ಹೋಯಿತು. ಪ್ರತಿ ಮಳೆಗಾಲ ಅವಳು ಹೇಳಿದ ಹಾಗೆ ಅರಮನೆಯ ಕಿಟಕಿಗಳಿಗೆಲ್ಲ ಎಣ್ಣೆ ಹಚ್ಚೋದೇ ಅವನ ಕೆಲಸವಾಯಿತು.

ಕೇಳಿದಿರಾ ಮಕ್ಕಳೇ? ಹಳೆಯದನ್ನು ಕಿತ್ತು ಬಿಸಾಡೋ ಮುಂಚೆ ಕೈಯಾರೆ ಮುಟ್ಟಿ ನೋಡಬೇಕು. ರಿಪೇರಿ ಆಗೋದನ್ನ ಕೆಟ್ಟಿದೆ ಅನ್ನುವವನನ್ನು ಎರಡು ಸಲ ವಿಚಾರಿಸಬೇಕು.